ಆರನೆಯ ಚೂರು ಯಾರದು

ಬೆಳಗಿನ ಐದೂಮುಕ್ಕಾಲು. ಟೈರ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಯ ಲ್ಯಾಬಿನಲ್ಲಿ ಆಗಲೇ ದೀಪ ಹತ್ತಿದೆ. ಐವತ್ತಾರರ ಹೆಂಗಸೊಬ್ಬರು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಎರಡು ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದಾರೆ. ಗಾಜಿನ ಮೇಲೆ ಸಾಸಿವೆ ಕಾಳಿನಷ್ಟಿರುವ ಗುಲಾಬಿ ಬಣ್ಣದ ಚೂರುಗಳು. ಆರು. ಮೇಜಿನ ಮೇಲಿನ ಚೀಟಿಯಲ್ಲಿ ಐದು ಎಂದಿದೆ. ಆಸ್ಪತ್ರೆಯಿಂದ ಚೂರುಗಳ ಬಾಟಲಿ ಬಂದ ದಿನ ಎಣಿಸಿ ಬರೆದವರೂ ಅವರೇ.

"ನಿನ್ನೆ ಮಧ್ಯಾಹ್ನದಿಂದ ಅದನ್ನೇ ಎಣಿಸ್ತಿದೀರ ಮೇಡಂ. ಎಣಿಸಿ ಎಣಿಸಿ ಏಳಾಗಿಬಿಟ್ಟೀತು," ಎನ್ನುತ್ತಾರೆ ಪಕ್ಕದ ಕೋಣೆಯಿಂದ ಲ್ಯಾಬಿನ ಹಳೆಯ ಟೆಕ್ನಿಷಿಯನ್. ಮೂವತ್ತೊಂದು ವರ್ಷದಿಂದ ಮೇಣ ಕತ್ತರಿಸುತ್ತಿರುವ ಇವರಿಗೆ ಲ್ಯಾಬಿಗೆ ಚೂರು ಕಳಿಸುವ ಮೂರೂ ಆಸ್ಪತ್ರೆಗಳಲ್ಲಿ 'ಮೇಣದಣ್ಣ' ಎಂದೇ ಹೆಸರು.

"ಏಳಾದರೆ ನಿಮ್ಮನ್ನೇ ಕೇಳ್ತೀನಿ ಅಣ್ಣಾ. ಮೊದಲು ಆರಕ್ಕೆ ಉತ್ತರ ಕೊಡಿ."

ಈ ಹೆಂಗಸು ಪೆಥಾಲಜಿಸ್ಟ್. ಹಾಗೆಂದರೆ ಏನು ಎಂದು ನೂರು ಜನರನ್ನು ಕೇಳಿ. ತೊಂಬತ್ತು ಜನ ರಕ್ತ ತೆಗೆಯುವವರು ಅನ್ನುತ್ತಾರೆ, ಉಳಿದ ಹತ್ತು ಜನ ಹೆಣ ಕೊಯ್ಯುವವರು ಅನ್ನುತ್ತಾರೆ. ನಮ್ಮ ನಿಮ್ಮ ಮೈಯಿಂದ ಚಿವುಟಿ ತೆಗೆದ ಚೂರನ್ನು ಮೈಕ್ರೋಸ್ಕೋಪಿನಡಿ ನೋಡಿ, ಅದು ಕ್ಯಾನ್ಸರೋ ಅಲ್ಲವೋ ಎಂದು ಹೇಳುವವರು ಇವರು. ಇವರು ಹೂಂ ಅಂದರೆ ಕತ್ತಿ ಏಳುತ್ತದೆ, ಊಹೂಂ ಅಂದರೆ ಇಳಿಯುತ್ತದೆ. ಆದರೆ ಕತ್ತಿ ಹಿಡಿದವರ ಫೋಟೊ ಆಸ್ಪತ್ರೆಯ ಗೋಡೆ ತುಂಬ ಇರುತ್ತದೆ. ಇವರ ಹೆಸರು ರಿಪೋರ್ಟಿನ ತಳದಲ್ಲಿ ಇರುವೆ ಸಾಲಿನಂತೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಗಾಜಿನ ಮೇಲಿನ ಚೂರುಗಳು ಕಡತ ಸಂಖ್ಯೆ ಆರುನೂರ ಹದಿನಾಲ್ಕರವು. ಗಂಡಸು, ವಯಸ್ಸು ನಲವತ್ತೊಂದು, ಎರಡು ತಿಂಗಳಿಂದ ಹೊಟ್ಟೆನೋವು, ಹೊಟ್ಟೆಯೊಳಗೆ ಹುಣ್ಣು. ಇವರಿಗೆ ಗೊತ್ತಿರುವುದು ಇಷ್ಟೇ. ಐದು ಚೂರುಗಳಲ್ಲಿ ಬರೀ ಹುಣ್ಣಿನ ಉರಿಯೂತ ಇದೆ. ಆರನೆಯದರಲ್ಲಿ ಅಪ್ಪಟ ಕ್ಯಾನ್ಸರ್, ಕಣ್ಣುಮುಚ್ಚಿ ಹೇಳಬಹುದಾದಂಥದ್ದು. ಆ ಮನುಷ್ಯನ ಹೊಟ್ಟೆಯ ಮುಕ್ಕಾಲು ಭಾಗ ತೆಗೆದುಹಾಕಲು ಇವತ್ತು ಹತ್ತು ಗಂಟೆಗೆ ಆಪರೇಷನ್ ಥಿಯೇಟರ್ ಗೊತ್ತುಮಾಡಿದ್ದಾರೆ. ರಿಪೋರ್ಟಿಗೆ ಇವರ ಸಹಿಯೊಂದು ಬಾಕಿ.

ನಿನ್ನೆ ಸಂಜೆ ಸರ್ಜನ್ ಫೋನು ಮಾಡಿದ್ದರು. ಡಾಕ್ಟರಮ್ಮ ಆ ಮಾತುಕತೆಯನ್ನು ಇದ್ದ ಹಾಗೇ ಒಪ್ಪಿಸುತ್ತಾರೆ. "'ಮೇಡಂ, ನಾನು ಒಳಗೆ ಕ್ಯಾಮೆರಾ ಬಿಟ್ಟು ನೋಡಿದೀನಿ, ಆ ಹುಣ್ಣಿನ ಮುಖವೇ ಸರಿ ಇಲ್ಲ' ಅಂದ್ರು. 'ಮುಖ ನೋಡಿ ಹೇಳೋದಾದ್ರೆ ಚೂರು ಯಾಕೆ ಕಳಿಸಿದ್ರಿ?' ಅಂದೆ. 'ವ್ಯಾನಿನ ಲ್ಯಾಬಿಗೆ ಕೊಟ್ಟಿದ್ದರೆ ಇಷ್ಟೊತ್ತಿಗೆ ರಿಪೋರ್ಟು ಮೊಬೈಲಿಗೇ ಬಂದಿರೋದು' ಅಂದ್ರು. 'ಬಂದಿರೋದು' ಅಂತ ನಾನೂ ಒಪ್ಪಿಕೊಂಡೆ."

ವ್ಯಾನಿನ ಲ್ಯಾಬ್ ಎಂದರೆ ವ್ಯಾನ್ ಕಳಿಸಿ ಆಸ್ಪತ್ರೆಗಳಿಂದ ಬಾಟಲಿ ಒಯ್ಯುವ, ಪೇಪರಿನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಡುವ ಕಂಪನಿ. ಮೊದಲು ನಾಲ್ಕು ಆಸ್ಪತ್ರೆ ಇವರ ಪಾಲಿಗಿದ್ದವು. ಒಂದನ್ನು ಹೋದ ವರ್ಷ ಅದು ನುಂಗಿತು. ಉಳಿದದ್ದು ಮೂರು: ಬೆಳಿಗ್ಗೆ ಸರ್ಕಾರಿ ಆಸ್ಪತ್ರೆ, ಮಂಗಳವಾರ ಮತ್ತು ಶುಕ್ರವಾರ ಹೆರಿಗೆ ಆಸ್ಪತ್ರೆ, ಮಿಕ್ಕ ಹೊತ್ತು ಈ ಸರ್ಜನ್ನರ ನಾಲ್ಕಂತಸ್ತಿನ ಖಾಸಗಿ ಆಸ್ಪತ್ರೆ. ಅದನ್ನೂ ವ್ಯಾನಿಗೆ ಕೊಡುವ ಮಾತು ಶನಿವಾರದ ಮೀಟಿಂಗಿನಲ್ಲಿ ಬರಲಿದೆ. ಅದು ಗೊತ್ತಿದ್ದೂ ಇವರು ರಿಪೋರ್ಟನ್ನು ಒಂದು ರಾತ್ರಿ ತಡೆದಿದ್ದಾರೆ.

ಮೇಣದಣ್ಣ ಬೆಳಕು ಹರಿಯುವ ಮುಂಚೆ ಬರುವುದಕ್ಕೆ ಕಾರಣವಿದೆ. ಬಿಸಿಲೇರಿದರೆ ಮೇಣ ಮೆತ್ತಗಾಗಿ ಸುಕ್ಕಾಗುತ್ತದೆ. ಚೂರುಗಳನ್ನು ಹುದುಗಿಸಿದ ಮೇಣದ ಬಿಲ್ಲೆಯನ್ನು ಮಂಜುಗಡ್ಡೆಯ ಮೇಲಿಟ್ಟು, ಯಂತ್ರದ ಹಿಡಿಕೆ ತಿರುಗಿಸಿದರೆ ಕೂದಲಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ತೆಳ್ಳಗಿನ ಪದರ ರಿಬ್ಬನ್ನಿನಂತೆ ಇಳಿಯುತ್ತದೆ. ಅದನ್ನು ಬಿಸಿನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಹಾಕುವ ಮುಂಚೆ ನೀರಿನ ಮೇಲ್ಮೈಯನ್ನು ಕಾಗದದಿಂದ ಒರೆಸಬೇಕು. ಒರೆಸದಿದ್ದರೆ ಮೊದಲಿನವರ ಚೂರು ತೇಲುತ್ತಿದ್ದು, ಬಂದು ಎರಡನೆಯವರ ಗಾಜಿಗೆ ಅಂಟಿಕೊಳ್ಳುತ್ತದೆ. ಯಾರದೋ ಕಾಯಿಲೆ ಯಾರದೋ ಹಣೆಗೆ.

"ನಾನು ಒರೆಸಿದ್ದೆ," ಎನ್ನುತ್ತಾರೆ ಮೇಣದಣ್ಣ, ಹಿಡಿಕೆ ತಿರುಗಿಸುತ್ತ. ನಾಲ್ಕು ಸುತ್ತು ಆದ ಮೇಲೆ ಅವರೇ, "ಒರೆಸಿರಬೇಕು" ಎನ್ನುತ್ತಾರೆ. ಇನ್ನೂ ನಾಲ್ಕು ಸುತ್ತು. "ಆ ಹೊತ್ತಿಗೆ ಮಗಳ ಫೋನು ಬಂದಿತ್ತು ಮೇಡಂ."

"ಮಗಳು ಹೇಗಿದಾಳೆ?"

"ಚೆನ್ನಾಗಿದಾಳೆ."

"ಸರಿ. ಈಗ ಒರೆಸಿ. ಒಂದಲ್ಲ, ಮೂರು ಆಳದಲ್ಲಿ ಕತ್ತರಿಸಿ. ಎಲ್ಲಾ ಆಳದಲ್ಲೂ ಆರನೇದು ಇದ್ದರೆ ನಾನೇ ತಪ್ಪು ಎಣಿಸಿದೀನಿ, ಆ ಮನುಷ್ಯನಿಗೆ ಕ್ಯಾನ್ಸರ್ ಇದೆ. ಇಲ್ಲದಿದ್ದರೆ ಅದು ನೀರಲ್ಲಿ ತೇಲಿ ಬಂದದ್ದು, ನಿಮ್ಮ ಮಗಳಿಗೆ ಇನ್ಮೇಲೆ ಮಧ್ಯಾಹ್ನ ಫೋನು ಮಾಡೋಕೆ ಹೇಳಿ."

ಕತ್ತರಿಸಿದ ಪದರಕ್ಕೆ ಬಣ್ಣ ಹಾಕಲು ನಲವತ್ತು ನಿಮಿಷ ಬೇಕು, ಅವಸರಕ್ಕೆ ಅದು ಬಗ್ಗುವುದಿಲ್ಲ. ಆ ಹೊತ್ತಿನಲ್ಲಿ ಡಾಕ್ಟರಮ್ಮ ಚಹಾ ಕುಡಿಯುತ್ತ ತಮ್ಮ ಕತೆ ಹೇಳುತ್ತಾರೆ. ಅಪ್ಪ ಬೀದಿ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದವರು. ಡಾಕ್ಟರುಗಳ ಬಿಳಿ ಕೋಟು ಮಡಿಸಿ ಮಡಿಸಿ ಮಗಳಿಗೂ ಒಂದು ಬೇಕೆಂದು ಹಟ ಹಿಡಿದರು. "ಕಲೆ ಯಾವುದರದು ಅಂತ ತಿಳೀದೆ ಬಟ್ಟೆ ನೀರಿಗೆ ಹಾಕಬೇಡ ಅನ್ನೋರು. ನನ್ನ ಓದೆಲ್ಲ ಒಂದು ಕಡೆ, ಅದೊಂದು ಮಾತು ಒಂದು ಕಡೆ." ಕಾಲೇಜಿನಲ್ಲಿ ಯಾರೂ ಮುಟ್ಟದ ವಿಷಯ ಇದು, ಇವರು ತಾವೇ ಕೇಳಿ ತೆಗೆದುಕೊಂಡರು. "ರೋಗಿಗಳ ಹತ್ತಿರ ಮಾತಾಡೋಕೆ ನಾಚಿಕೆ ನನಗೆ. ಗಾಜು ಮಾತಾಡಿಸಲ್ಲವಲ್ಲ ಅಂತ ಬಂದೆ. ಆಮೇಲೆ ಗೊತ್ತಾಯ್ತು, ಅದರಷ್ಟು ವಾಚಾಳಿ ಇನ್ನೊಂದಿಲ್ಲ."

ಇಪ್ಪತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಅರವತ್ತರಿಂದ ಎಪ್ಪತ್ತು ಗಾಜು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ಕೂಟರಿನಲ್ಲಿ ಹನ್ನೊಂದು ಕಿಲೋಮೀಟರ್, ಕಾಲ ಬಳಿ ಬಡಗಿಯೊಬ್ಬ ಮಾಡಿಕೊಟ್ಟ, ಗಾಜು ಇಡುವ ಮರದ ಪೆಟ್ಟಿಗೆ. ಬಗ್ಗಿ ಬಗ್ಗಿ ಕತ್ತಿನ ಮೂಳೆ ಸವೆದಿದೆ. ಸ್ಕೂಟರಿನಲ್ಲಿ ಹಿಂದೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾರೆ. ಮನೆಯಲ್ಲಿ ಎಂಬತ್ತೆರಡರ ಅತ್ತೆಗೆ ಇವತ್ತಿಗೂ ಒಂದೇ ಕೊರಗು. ನೆರೆಯವರ ಮುಂದೆ, "ನಮ್ಮ ಸೊಸೆ ಡಾಕ್ಟರೇ. ಆದರೆ ನೆಗಡಿಗೆ ಮಾತ್ರ ಬೇರೆ ಡಾಕ್ಟರ ಹತ್ತಿರ ಹೋಗಬೇಕು" ಎನ್ನುತ್ತಾರಂತೆ. ಸೊಸೆ ಇದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಇಷ್ಟೆಲ್ಲ ಸವೆದೂ ಈ ನಗು ಎಲ್ಲಿಂದ ಬರುತ್ತದೋ. ಕೇಳಿದರೆ, "ಬೆಳಗಾದರೆ ಬಿಡಿಸೋಕೆ ಎಪ್ಪತ್ತು ಒಗಟು. ಇನ್ನೇನು ಬೇಕು?" ಎನ್ನುತ್ತಾರೆ.

ಏಳೂವರೆ. ಹೊಸ ಗಾಜುಗಳು ಬಂದಿವೆ. ಡಾಕ್ಟರಮ್ಮ ಕನ್ನಡಕ ಇಳಿಸಿ, ಕುರ್ಚಿ ಎಳೆದುಕೊಂಡು ಕಣ್ಣಿಡುತ್ತಾರೆ. ಮೇಣದಣ್ಣ ಬಾಗಿಲ ಚೌಕಟ್ಟಿಗೆ ಒರಗಿ ಕೈಯನ್ನು ಒರೆಸಿದ್ದೇ ಒರೆಸುತ್ತಾರೆ. ಮೊದಲ ಆಳದಲ್ಲಿ ಐದು ಚೂರು. ಎರಡನೆಯದರಲ್ಲಿ ಐದು. ಮೂರನೆಯದರಲ್ಲಿ ಐದು. ಅಲ್ಲಿಗೂ ಬಿಡದೆ, ಮೊನ್ನೆ ಈ ಚೂರುಗಳಿಗೆ ಮುಂಚೆ ಕತ್ತರಿಸಿದ ಇನ್ನೊಬ್ಬ ರೋಗಿಯ ಗಾಜನ್ನು ಪೆಟ್ಟಿಗೆಯಿಂದ ತೆಗೆದು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಆರನೆಯ ಚೂರು ಅಲ್ಲಿಯದೇ. ಅದು ಕ್ಯಾನ್ಸರೆಂದು ಮೊದಲೇ ಗೊತ್ತಾಗಿ, ಹೋದ ವಾರ ಆಪರೇಷನ್ ಆದ ವೃದ್ಧೆಯೊಬ್ಬರ ಗಡ್ಡೆಯದು; ಅವರಿಗೆ ಚಿಕಿತ್ಸೆ ನಡೆಯುತ್ತಿದೆ.

"ಆ ಮನುಷ್ಯನ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಇದಾವೆ, ಅಷ್ಟೇ," ಎಂದು ತಲೆ ಎತ್ತುತ್ತಾರೆ. "ಹದಿನಾಲ್ಕು ದಿನ ಮಾತ್ರೆ. ಆರು ವಾರ ಬಿಟ್ಟು ಇನ್ನೊಂದು ಸಲ ಒಳಗೆ ನೋಡಲಿ."

ಮೇಣದಣ್ಣ ಕೈ ಒರೆಸುವುದನ್ನು ನಿಲ್ಲಿಸುತ್ತಾರೆ. "ನನ್ನ ಹೆಸರು ಬರೀರಿ ಮೇಡಂ. ತಪ್ಪು ನನ್ನದು."

"ಬಾಟಲಿ ಬಂದಿದ್ದು ನನ್ನ ಲ್ಯಾಬಿಗೆ, ನಿಮ್ಮ ಮನೆಗಲ್ಲ." ರಿಪೋರ್ಟಿನಲ್ಲಿ ಅವರು ಬರೆಯುವ ಸಾಲು ನೇರವಾಗಿದೆ: ಮೊದಲ ಗಾಜಿಗೆ ನಮ್ಮ ಲ್ಯಾಬಿನಲ್ಲಿ ಬೇರೆ ರೋಗಿಯ ಚೂರು ಸೇರಿತ್ತು, ಹೊಸದಾಗಿ ಕತ್ತರಿಸಿ ಖಚಿತಪಡಿಸಿಕೊಂಡಿದೆ, ಕ್ಯಾನ್ಸರ್ ಇಲ್ಲ. ಕೆಳಗೆ ಸಹಿ. ಶನಿವಾರದ ಮೀಟಿಂಗಿನಲ್ಲಿ ಇದೇ ಸಾಲನ್ನು ಓದಿ ಇವರನ್ನು ಮನೆಗೆ ಕಳಿಸಬಹುದು. ಅದನ್ನು ಅಳಿಸಿಬಿಟ್ಟರೆ ಕೇಳುವವರು ಯಾರೂ ಇಲ್ಲ. ಅವರು ಅಳಿಸುವುದಿಲ್ಲ.

ಎಂಟೂಮುಕ್ಕಾಲಿಗೆ ಸ್ಕೂಟರ್ ಆಸ್ಪತ್ರೆ ಮುಂದೆ ನಿಲ್ಲುತ್ತದೆ. ಲಿಫ್ಟಿನ ಬಾಗಿಲ ಮೇಲೂ ಕೈಕಟ್ಟಿ ನಗುವ ಸರ್ಜನ್ನರ ಆಳೆತ್ತರದ ಚಿತ್ರ ಅಂಟಿಸಿದ್ದಾರೆ. ಬಾಗಿಲು ತೆರೆದರೆ ಅವರು ಎರಡು ಸೀಳಾಗುತ್ತಾರೆ. ಮೂರನೇ ಮಹಡಿಯಲ್ಲಿ ನಿಜವಾದ ಸರ್ಜನ್ ನಿಂತಲ್ಲೇ ರಿಪೋರ್ಟು ಓದುತ್ತಾರೆ. ಒಮ್ಮೆ, ಆಮೇಲೆ ಇನ್ನೊಮ್ಮೆ. ಕೆಟ್ಟ ಮನುಷ್ಯರೇನಲ್ಲ, ಮುಖ ಸಣ್ಣದಾಗುತ್ತದೆ.

"ಆ ವ್ಯಾನಿನವರು ಚೂರು ಎಣಿಸ್ತಾರಾ ಮೇಡಂ?"

"ಅವರನ್ನೇ ಕೇಳಿ ಸಾರ್."

"ಶನಿವಾರ ಕೇಳ್ತೀನಿ," ಎಂದು ಹೇಳಿ, ಥಿಯೇಟರ್ ಬೇಡವೆಂದು ತಿಳಿಸಲು ಅವರು ಒಳಗೆ ಹೋಗುತ್ತಾರೆ.

ಒಂಬತ್ತೂಕಾಲಿಗೆ ಡಾಕ್ಟರಮ್ಮ ಪೆಟ್ಟಿಗೆ ಸಮೇತ ಲಿಫ್ಟಿನೊಳಗಿದ್ದಾರೆ. ಬಾಗಿಲು ಮುಚ್ಚುವಷ್ಟರಲ್ಲಿ "ತಡೀರಿ, ತಡೀರಿ" ಎಂದು ಹೆಂಗಸೊಬ್ಬಳು ಓಡಿಬರುತ್ತಾಳೆ. ಇವರು ಕಾಲು ಅಡ್ಡ ಕೊಡುತ್ತಾರೆ. ಅವಳ ಹಿಂದೆ ಗಂಡ, ಅವಸರದಲ್ಲಿ ಅಂಗಿಯ ಗುಂಡಿಯನ್ನೆಲ್ಲ ತಪ್ಪು ತಪ್ಪಾಗಿ ಹಾಕಿಕೊಂಡಿದ್ದಾನೆ. ಅವಳ ಕಂಕುಳಲ್ಲಿ ನೀಲಿ ಕಡತ. ಅದರ ಮೇಲೆ ದಪ್ಪಕ್ಕೆ ಬರೆದಿದೆ: ಆರುನೂರ ಹದಿನಾಲ್ಕು.

"ರಾತ್ರಿಯಿಂದ ನೀರೂ ಕೊಟ್ಟಿಲ್ಲ ನನಗೆ. ಮೊದಲು ಏನಾದರೂ ತಿನ್ನಬೇಕು," ಎನ್ನುತ್ತಾನೆ ಗಂಡ.

"ತಿನ್ನೋರಂತೆ, ಹೋಟೆಲ್ ಎಲ್ಲೂ ಓಡಿ ಹೋಗಲ್ಲ," ಎಂದು ಗದರಿದವಳು ಡಾಕ್ಟರಮ್ಮನ ಕಡೆ ತಿರುಗುತ್ತಾಳೆ. ಯಾರಿಗಾದರೂ ಹೇಳಲೇಬೇಕು ಅವಳಿಗೆ. "ನೋಡಿ ಅಮ್ಮಾ, ಇಲ್ಲಿಯ ದೊಡ್ಡ ಡಾಕ್ಟರ ಕೈಗುಣ ಅಂದರೆ ಅದು. ಕೊಯ್ಯದೇನೇ ವಾಸಿ ಮಾಡಿದ್ರು. ನೀವು ಯಾರನ್ನ ನೋಡೋಕೆ ಬಂದಿದ್ರಿ?"

"ನಮ್ಮವರೊಬ್ಬರಿದ್ರು. ಹುಷಾರಾಗಿದಾರೆ."

"ನಿಮ್ಮ ಹೊಟ್ಟೆ ತಣ್ಣಗಿರಲಿ. ಲಿಫ್ಟ್ ಹಿಡಿದ್ರಿ, ಇಲ್ಲದಿದ್ರೆ ಈ ಮನುಷ್ಯ ಹಸಿವು ಹಸಿವು ಅಂತ ಮೆಟ್ಟಿಲ ಮೇಲೇ ಕೂತುಬಿಡೋನು."

ಲ್ಯಾಬಿಗೆ ಮರಳಿ ಇದನ್ನು ಹೇಳಿದಾಗ ಮೇಣದಣ್ಣ ನೀರಿನ ತಟ್ಟೆ ಒರೆಸುತ್ತಿದ್ದಾರೆ. "ನೀವೇ ನೋಡಿದ್ದು ಅಂತ ಒಂದು ಮಾತು ಹೇಳಬಾರದಿತ್ತಾ ಮೇಡಂ?"

"ಏನಂತ ಹೇಳಲಿ ಅಣ್ಣಾ? ನಿಮ್ಮ ಗಂಡನ ಹೊಟ್ಟೆ ನಮ್ಮ ತಟ್ಟೆ ನೀರಲ್ಲಿ ಹೋಗ್ತಾ ಇತ್ತು ಅಂತಲಾ?" ಡಾಕ್ಟರಮ್ಮ ಇವತ್ತಿನ ಮೊದಲ ಗಾಜನ್ನು ಬೆಳಕಿಗೆ ಹಿಡಿಯುತ್ತಾರೆ, ತುಟಿ ಎಣಿಕೆ ಶುರು ಮಾಡುತ್ತದೆ. ಮೂರಕ್ಕೆ ಬಂದು ನಿಂತು, ನಗುತ್ತಾರೆ. "ಲಿಫ್ಟ್ ಹಿಡಿದಿದ್ದಂತೂ ನಾನೇ. ಅದಕ್ಕೆ ಹರಸಿದ್ದಾಳೆ, ಇಟ್ಟುಕೊಳ್ತೀನಿ."