ತಾನಾಗಿ ಕಚ್ಚಿದ ಬ್ರೇಕು

ಇಂದುಮತಿ ಗದಗಿನವಳು. ವಾಯುಪಡೆಯಲ್ಲಿದ್ದ ಗಂಡ ಶ್ರೀಕಾಂತನಿಗೆ ನಾಗಪುರಕ್ಕೆ ವರ್ಗವಾದಾಗ, ಕಲಿತ ಮೆಕ್ಯಾನಿಕಲ್ ಡಿಪ್ಲೊಮಾವನ್ನು ಮರೆತು ಬಜಾಜ್ ನಗರದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದಳು. ಮಗಳು ಕೃತಿ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮನೆಯಲ್ಲಿ ಕೂತು ಕೂತು ಬೇಸತ್ತು, ಊರಂಚಿನ ಹಿಂಗಣಾದ ಒಂದು ಏರ್ ಬ್ರೇಕ್ ವರ್ಕ್‌ಶಾಪಿನಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದಳು.

ವರ್ಕ್‌ಶಾಪು ಉತ್ತಪ್ಪನವರದು. ಕೊಡಗಿನವರಾದ ಅವರು ವಾಯುಪಡೆಯಲ್ಲಿ ವಿಮಾನಗಳ ಚಕ್ರ, ಬ್ರೇಕು ನೋಡಿಕೊಂಡಿದ್ದು, ನಿವೃತ್ತರಾದ ಮೇಲೆ ಇಲ್ಲೇ ಉಳಿದು ಲಾರಿಗಳ ಕೆಳಗೆ ನುಸುಳಿದವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಬಿಲ್ಲು ಬರೆಯುವವಳ ಕಣ್ಣು ಹೊತ್ತುಗೊತ್ತಿಲ್ಲದೆ ಬೆಂಚಿನ ಮೇಲೆ ಬಿಚ್ಚಿಟ್ಟ ವಾಲ್ವುಗಳ ಕಡೆಗೆ ಹರಿಯುವುದನ್ನು ಕೆಲವು ದಿನ ನೋಡಿ, ಒಮ್ಮೆ, "ಪೆನ್ನು ಕೆಳಗಿಡಿ. ಸ್ಪ್ಯಾನರ್ ಹಿಡಿಯೋಕೆ ಬರುತ್ತಾ ನೋಡೋಣ" ಎಂದರು. ಅಂದಿನಿಂದ ಬಿಲ್ಲು ಬರೆಯಲು ಬೇರೆ ಯಾರೋ ಬಂದರು.

ಆ ಸಲ ಬೇಸಿಗೆ ಇನ್ನೂ ಕಾಲಿಡುತ್ತಿದ್ದ ದಿನಗಳಲ್ಲಿ ಪಾಂಡುರಂಗ ತನ್ನ ಟ್ರೇಲರನ್ನು ತಂದು ನಿಲ್ಲಿಸಿದ. ವಿಜಯಪುರ ಕಡೆಯವನು. ಉಕ್ಕಿನ ಹಾಳೆಯ ದೊಡ್ಡ ಸುರುಳಿಗಳನ್ನು ಹೇರಿಕೊಂಡು ಹಿಂಗಣಾ, ಕಳಮೇಶ್ವರ ಅಂತ ತಿರುಗುವುದು ಅವನ ಕೆಲಸ. ಕನ್ನಡ ಮಾತಾಡುವವರು ಸಿಗುತ್ತಾರೆಂದು ಸಣ್ಣ ರಿಪೇರಿಗೂ ಇಲ್ಲಿಗೇ ಬರುತ್ತಿದ್ದ.

"ಅಕ್ಕಾರ, ಪೆಡಲ್ ಮ್ಯಾಲಿಂದ ಕಾಲು ತಗದ್ರೂ ಹಿಂದ ಗಾಳಿ ಸುಂಯ್ ಅಂತ ಸೋರತೈತ್ರಿ. ಗಾಲಿ ಕಾಯ್ತಾವ. ಮಾಲಕರು ಆ ಸೋರೋದ ಬಂದ್ ಮಾಡಿಸ್ಕೊಂಡು ಜಲ್ದಿ ಬಾ ಅಂದಾರ."

ಇಂದುಮತಿ ಟ್ರೇಲರಿನ ಕೆಳಗೆ ಹೋಗಿ ನೋಡಿದಳು. ಹಿಂದಿನ ಗಾಲಿಗಳ ಬಳಿ ಕೂತಿದ್ದ ರಿಲೇ ವಾಲ್ವಿನ ತಳದಿಂದಲೇ ಗಾಳಿ ಹೋಗುತ್ತಿತ್ತು. ಆ ವಾಲ್ವಿನ ಕೆಲಸವನ್ನು ಅವಳು ಕೃತಿಗೆ ಒಮ್ಮೆ ಊಟದ ಪಂಕ್ತಿಯ ಲೆಕ್ಕದಲ್ಲಿ ಹೇಳಿದ್ದಳು. ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ಸಾರು ಬೇಕೆಂದರೆ ಅಡುಗೆಮನೆಯಿಂದ ಹೊತ್ತು ತರುತ್ತ ಕೂರುವುದಿಲ್ಲ. ಒಂದು ಕೂಗು ಹಾಕಿದರೆ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತವನು ಬಡಿಸುತ್ತಾನೆ. ಉದ್ದದ ಟ್ರೇಲರಿನಲ್ಲೂ ಹಾಗೆಯೇ. ಡ್ರೈವರನ ಕಾಲಿನಿಂದ ಹೊರಟ ಗಾಳಿ ಬರೀ ಕೂಗು. ಅದು ಬಂದು ಒತ್ತಿದೊಡನೆ ರಿಲೇ ವಾಲ್ವು ಪಕ್ಕದ ಟ್ಯಾಂಕಿನ ಗಾಳಿಯನ್ನು ಬ್ರೇಕಿಗೆ ಬಿಡುತ್ತದೆ. ಕಾಲು ತೆಗೆದರೆ ಆ ಗಾಳಿಯನ್ನು ಅಲ್ಲಿಂದಲೇ ಹೊರಗೆ ಊದಿಬಿಡುತ್ತದೆ. ಗಾಳಿ ಇಡೀ ಟ್ರೇಲರಿನ ಉದ್ದ ಓಡಿ ಬರಬೇಕಿಲ್ಲವಾದ್ದರಿಂದ ಬ್ರೇಕು ತಡವಾಗಿ ಹಿಡಿಯುವುದಿಲ್ಲ.

ಈ ವಾಲ್ವಿಗೆ ಇನ್ನೊಂದು ಕೆಲಸವೂ ಇತ್ತು. ಮುಂದಿನ ಗಾಡಿಯಿಂದ ಟ್ರೇಲರಿನ ಟ್ಯಾಂಕಿಗೆ ಗಾಳಿ ತುಂಬುವ ಪೈಪು ಹರಿದರೆ, ಯಾರ ಅಪ್ಪಣೆಗೂ ಕಾಯದೆ ಟ್ಯಾಂಕಿನಲ್ಲಿದ್ದ ಗಾಳಿಯಿಂದ ತಾನೇ ಬ್ರೇಕು ಹಾಕಿಬಿಡುವುದು. ಸೋರುವುದನ್ನು ನಿಲ್ಲಿಸಲು ಆ ಭಾಗವನ್ನು ಬಿಚ್ಚಬೇಕಾಗಿರಲಿಲ್ಲ. ಆದರೂ ಬಿಚ್ಚಿದಳು. ಒಳಗೆ ತುಕ್ಕು, ಎಣ್ಣೆ, ನೀರು ಸೇರಿ ಕರಿ ಅಂಟಾಗಿ, ಪಿಸ್ಟನ್ನು ಅಲುಗದಂತೆ ಕೂತುಬಿಟ್ಟಿತ್ತು.

"ಇದನ್ನ ಹಿಂಗ ಬಿಟ್ಟು ಕಳಸಂಗಿಲ್ಲ, ಪಾಂಡುರಂಗಣ್ಣ. ಪೂರಾ ಹೊಸಾ ಕಿಟ್ ಹಾಕಬೇಕು."

ಮಾಲೀಕ ಫೋನಿನಲ್ಲಿ ಕೂಗಾಡಿದ. ಲೋಡು ಕಾಯುತ್ತಿದೆ, ಹೇಳಿದಷ್ಟು ಮಾಡಿ ಅಂದ. ಉತ್ತಪ್ಪ ಫೋನು ಇಸಿದುಕೊಂಡು, "ನಾಳೆ ಬೆಳಿಗ್ಗೆ ಗಾಡಿ ಸಿಗುತ್ತೆ" ಎಂದು ಹಿಂದಿಯಲ್ಲಿ ಹೇಳಿ ಇಟ್ಟುಬಿಟ್ಟರು.

ಇಂದುಮತಿ ವಾಲ್ವನ್ನು ತೊಳೆದು, ಉಜ್ಜಿ, ಗಾಳಿ ತಡೆಯುವ ಹೊಸ ರಬ್ಬರ್ ಸೀಲುಗಳನ್ನು ಕೂರಿಸುತ್ತಿದ್ದಾಗಲೇ ಕೃತಿಯ ಶಾಲೆಯಿಂದ ಫೋನು ಬಂತು. ಮಗುವಿಗೆ ಸ್ವಲ್ಪ ಜ್ವರ, ಶ್ರೀಕಾಂತ ಬಂದು ಕರೆದೊಯ್ಯುತ್ತಿದ್ದಾನೆ. ಮಾತಾಡುತ್ತಲೇ ಕೈ ಕೆಲಸ ಮುಗಿಸಿತು. ಉತ್ತಪ್ಪ ಗಾಳಿ ತುಂಬಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ನೋಡಿದರು. ಏಳಲಿಲ್ಲ. ಮರುದಿನ ಪಾಂಡುರಂಗ ಲೋಡು ಹೇರಿಕೊಂಡು ಹೊರಟ.

ಅವನು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ಮಾಲೀಕನ ಫೋನು ಬಂತು. ಕಳಮೇಶ್ವರದ ದಾರಿಯಲ್ಲಿ ಟ್ರೇಲರಿನ ಬ್ರೇಕು ಜಾಮ್ ಆಗಿ ನಡುರಸ್ತೆಯಲ್ಲಿ ನಿಂತಿದೆ, ಒಂದು ಇಂಚೂ ಅಲುಗುತ್ತಿಲ್ಲ, ನಿಮ್ಮ ಹುಡುಗಿ ಕೆಡಿಸಿದ್ದಾಳೆ.

ಉತ್ತಪ್ಪ ಜೀಪಿನ ಕೀಲಿ ತೆಗೆದುಕೊಂಡರು. ಇಂದುಮತಿ ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಫೋನಿನಲ್ಲಿ ಮಾತಾಡುವಾಗ ಕೂರಿಸಿದ ಸೀಲು, ಅದರ ತುಟಿ ಯಾವ ಕಡೆಗಿತ್ತು? ಬೆರಳಿಗೆ ನೆನಪಿತ್ತು, ಮನಸ್ಸಿಗೆ ಇರಲಿಲ್ಲ.

"ಸರ್, ನಾ ಸೀಲ್ ಉಲ್ಟಾ ಹಾಕಿದ್ರ?"

"ಕಟ್ಟಿದವರು ನೀವು, ಟೆಸ್ಟ್ ಮಾಡಿ ಕಳಿಸಿದವನು ನಾನು" ಎಂದರು ಉತ್ತಪ್ಪ ರಸ್ತೆಯಿಂದ ಕಣ್ಣು ತೆಗೆಯದೆ. "ತಪ್ಪಾಗಿದ್ರೆ ಇಬ್ಬರದೂ. ಮೊದಲು ನೋಡೋಣ."

ರಸ್ತೆ ಒಂದು ದಿಬ್ಬ ಹತ್ತಿ ರೈಲ್ವೆ ಗೇಟಿನ ಕಡೆಗೆ ಇಳಿಯುವ ಜಾಗ ಅದು. ಟ್ರೇಲರ್ ದಿಬ್ಬದ ನೆತ್ತಿಯಲ್ಲೇ ನಿಂತಿತ್ತು. ಹಿಂದೆ ಹಾರ್ನುಗಳ ಗದ್ದಲ. ಪಾಂಡುರಂಗ ಬೆವರಿ ಮುದ್ದೆಯಾಗಿ ಗಾಲಿಗೆ ಒರಗಿ ಕೂತಿದ್ದ. "ನಾ ಬ್ರೇಕ್ ತುಳದೇ ಇಲ್ರಿ ಅಕ್ಕಾರ. ಹಿಂದಿಂದ ಯಾರೋ ಹಿಡದು ಜಗ್ಗಿದಂಗಾತು. ಟೈರ್ ಕಿರ್ ಅಂತ ಚೀರಿದ್ವು."

ಇಂದುಮತಿ ಗಾಲಿಗಳ ಮುಂದೆ ದಪ್ಪನೆಯ ಮರದ ತುಂಡುಗಳನ್ನು ಕೊಟ್ಟು, ಕೆಳಗೆ ತೆವಳಿದಳು. ವಾಲ್ವಿನ ಬಳಿ ಹೋಗುವ ಮೊದಲೇ, ಗಾಳಿ ತುಂಬುವ ಪೈಪಿನ ಮೇಲೆ ಕೈಯಾಡಿಸುತ್ತ ಬಂದಳು. ಅರ್ಧ ದಾರಿಯಲ್ಲಿ ಬೆರಳು ಗಾಳಿಯಲ್ಲಿ ತೇಲಿತು. ಟೈರಿಗೆ ಸಿಕ್ಕಿ ಸಿಡಿದ ಕಲ್ಲೊಂದು ಜಾಯಿಂಟಿಗೇ ಬಡಿದು ಪೈಪು ಎರಡು ತುಂಡಾಗಿತ್ತು. ಟೈರುಗಳ ಚೀರಾಟದಲ್ಲಿ ಆ ಸದ್ದು ಪಾಂಡುರಂಗನಿಗೆ ಕೇಳಿಸಿರಲಿಲ್ಲ.

ಅವಳು ಟ್ಯಾಂಕಿನ ತಳದ ಬಿರಡೆಯನ್ನು ತುಸುವೇ ಸಡಿಲಿಸಿದಳು. ಗಾಳಿ ಮುಖಕ್ಕೆ ರಾಚಿತು. ಸೀಲು ತಿರುಗುಮುರುಗಾಗಿದ್ದರೆ ಈ ಗಾಳಿ ಹರಿದ ಪೈಪಿನಿಂದ ಯಾವತ್ತೋ ಓಡಿಹೋಗಿರುತ್ತಿತ್ತು. ಸೀಲು ಸರಿಯಾಗಿ ಕೂತಿತ್ತು. ವಾಲ್ವು ಜಾಮ್ ಆಗಿರಲಿಲ್ಲ. ಪೈಪು ಹರಿದ ಗಳಿಗೆಯಲ್ಲಿ ಟ್ಯಾಂಕಿನ ಗಾಳಿಯನ್ನು ಬ್ರೇಕಿಗೆ ಕೊಟ್ಟು ಟ್ರೇಲರನ್ನು ಕಟ್ಟಿಹಾಕಿತ್ತು.

"ಸರ್!" ಎಂದು ಒಳಗಿನಿಂದಲೇ ಕೂಗಿದಳು. ಬೆನ್ನ ಕೆಳಗಿನ ಡಾಂಬರು ಸುಡುತ್ತಿದ್ದರೂ ಒಂದಷ್ಟು ಹೊತ್ತು ಹಾಗೇ ಮಲಗಿ ಉಸಿರು ಬಿಟ್ಟಳು. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಸೇರಿತು.

ಹೊರಗೆ ಬಂದು ಹೇಳಿದಾಗ ಪಾಂಡುರಂಗ ಮೊದಲು ಪೈಪನ್ನು ನೋಡಿದ, ಆಮೇಲೆ ಇಳಿಜಾರಿನ ಕೆಳಗೆ ನೋಡಿದ. ಮುಚ್ಚಿದ ಗೇಟಿನ ಮುಂದೆ ಬೈಕುಗಳು, ಆಟೋಗಳು, ಬಟ್ಟೆಯ ಗಂಟು ಹೊತ್ತ ಹೆಂಗಸರು ರೈಲಿಗಾಗಿ ಕಾಯುತ್ತಿದ್ದರು. ವಾಲ್ವು ಮೊದಲಿನಂತೆ ಅಂಟಿ ಕೂತಿದ್ದರೆ ಪೈಪು ಹರಿದದ್ದು ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಟ್ಯಾಂಕಿನ ಗಾಳಿ ಹರಿದ ಪೈಪಿನಿಂದ ಸೋರಿಹೋಗಿ, ಅಷ್ಟು ಭಾರದ ಟ್ರೇಲರಿಗೆ ಬ್ರೇಕೇ ಇಲ್ಲವೆಂಬುದು ಕೆಳಗೆ ಹೋಗಿ ಕಾಲು ಒತ್ತಿದಾಗ ತಿಳಿಯುತ್ತಿತ್ತು.

"ಯಪ್ಪಾ" ಎಂದು ಅವನು ಮತ್ತೆ ಕುಸಿದು ಕೂತ. ಆಮೇಲೆ ಯಾಕೋ ನಗತೊಡಗಿದ. ನಗುತ್ತ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಉತ್ತಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತರು.

ರೈಲು ಹೋಯಿತು. ಗೇಟು ತೆರೆಯಿತು. ಕೆಳಗಿದ್ದ ಜನ ಹಿಂತಿರುಗಿಯೂ ನೋಡದೆ ತಮ್ಮ ತಮ್ಮ ದಾರಿ ಹಿಡಿದರು.

ಹೊಸ ಪೈಪು ಕೂಡಿಸಿ ಎಂಜಿನ್ ಶುರುಮಾಡಿದರು. ಗಾಳಿ ತುಂಬುತ್ತ ಬಂದು ವಾಲ್ವು ಒಮ್ಮೆ 'ಫುಸ್' ಎಂದಿತು, ಗಾಲಿಗಳು ಸಡಿಲವಾದವು. ಉತ್ತಪ್ಪ ಮಾಲೀಕನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದರು. ಮೆತ್ತಗಿನ ದನಿಯಲ್ಲಿ ಅವನು ಮೊದಲು ಕೇಳಿದ್ದು, ಪಾಂಡುರಂಗ ಹೇಗಿದ್ದಾನೆ ಅಂತ.

ಗೇಟಿನಾಚೆಯ ಅಂಗಡಿಯಲ್ಲಿ ಮೂವರೂ ತರ್ರಿ ಪೋಹೆ ತಿಂದರು. ಕೆಂಪಗಿನ ಖಾರದ ಸಾರು ಸುರಿದ ಅವಲಕ್ಕಿ ಗಂಟಲಲ್ಲಿ ಇಳಿಯುವಾಗಲೇ ಇಂದುಮತಿಗೆ ತಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಗೊತ್ತಾಗಿದ್ದು. ಇನ್ನೊಂದು ಪ್ಲೇಟು ಹೇಳಿದಳು. ಮೂಗು ಒರೆಸಿಕೊಳ್ಳುತ್ತ ಉತ್ತಪ್ಪ, "ಚೆನ್ನಾಗಿ ಕಟ್ಟಿದ್ದೀರಿ" ಎಂದರು. ಹೊಗಳಿದ್ದು ಯಾರನ್ನು ಎಂದು ಪಾಂಡುರಂಗ ತಲೆಯೆತ್ತಿ ನೋಡಿದ.

ಸಂಜೆ ಮನೆಗೆ ಬಂದಾಗ ಕೃತಿಯ ಜ್ವರ ಬಿಟ್ಟಿತ್ತು. ಹಾಸಿಗೆಯ ಮೇಲೆ ಕೂತು ಅಪ್ಪನ ಜೊತೆ ಚೌಕಾಬಾರ ಆಡುತ್ತಿದ್ದಳು. ಇಂದುಮತಿ ಮಗಳ ಹಣೆ ಮುಟ್ಟಿ ನೋಡಿ, ಫ್ಯಾನಿನ ಕೆಳಗೆ ತಣ್ಣನೆಯ ನೆಲದ ಮೇಲೆ ಹಾಗೇ ಉರುಳಿದಳು.

"ಚಹಾ ಮಾಡ್ಲೇನು?" ಎಂದು ಶ್ರೀಕಾಂತ ಕೇಳಿದ.

ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.