ಜೋಳದಲ್ಲಿಟ್ಟ ಪಾದರಸ

ನಮ್ಮ ವಾರ್ಡಿನಲ್ಲಿ ಥರ್ಮಾಮೀಟರ್ ಒಡೆಯದ ವಾರವೇ ಇರಲಿಲ್ಲ. ಪಾದರಸ ಇಳಿಸಲೆಂದು ಜಾಡಿಸುವಾಗ ಮಂಚದ ಕಬ್ಬಿಣಕ್ಕೆ ತಗುಲಿದರೆ ಮುಗಿಯಿತು. ಆಗ ಹೈದರಾಬಾದಿನ ಮಾಧಾಪುರದ ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ಅವುಗಳಿಂದ ಬಿದ್ದು ಕೈಕಾಲು ಮುರಿದುಕೊಂಡ ಯಾದಗಿರಿ, ರಾಯಚೂರಿನ ಕೂಲಿಗಳು ನಮ್ಮ ಮಂಚಗಳಲ್ಲಿ ಮಲಗಿರುತ್ತಿದ್ದರು. ಒಬ್ಬೊಬ್ಬರ ಜ್ವರ ನೋಡುವಷ್ಟರಲ್ಲಿ ನನಗೆ ತಾಳ್ಮೆ ತಪ್ಪುತ್ತಿತ್ತು. ನರ್ಸುಗಳಲ್ಲಿ ಹೆಚ್ಚು ಒಡೆಯುತ್ತಿದ್ದವಳು ನಾನೇ.

ನೆಲದ ಮೇಲೆ ಉರುಳಾಡುವ ಪಾದರಸವನ್ನು ಕಾಗದದ ಚೂರಿನಿಂದ ದೂಡಿ ಕೂಡಿಸುತ್ತಿದ್ದವಳು ನಮ್ಮ ಆಯಾ. ಯಾದಗಿರಿಯ ಹಳ್ಳಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ವಾರ್ಡಿನ ಸಿಬ್ಬಂದಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನಮ್ಮ ಕಡೆಯ ರೂಢಿಯಂತೆ ನನ್ನನ್ನು ಗೌರವಕ್ಕೆ ‘ಬಾಯಾರ’ ಎನ್ನುತ್ತಿದ್ದಳು, ನಾನು ‘ಯಕ್ಕಾ’ ಎನ್ನುತ್ತಿದ್ದೆ. ದಿನವೂ ನನಗೆಂದು ಎರಡು ಜೋಳದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಹಾಸ್ಟೆಲಿನ ಅನ್ನ ತಿಂದು ನಾಲಿಗೆ ಕೆಟ್ಟಿದ್ದ ನನಗೆ ಅದು ತವರೂಟ.

ಒಂದು ದಿನ ರೊಟ್ಟಿ ಬಿಚ್ಚುತ್ತ ಹೇಳಿದಳು: “ಊರಿಂದ ತಂದ ಜೋಳಕ್ಕ ನುಶಿ ಹತ್ತೇತ್ರಿ ಬಾಯಾರ. ಏನ್ ಮಾಡ್ಲಿ?”

“ನಮ್ಮವ್ವ ಪಾದರಸ ಬೂದ್ಯಾಗ ತಿಕ್ಕಿ ಕಾಳಿಗೆ ಹಚ್ಚತಿದ್ಲು ಯಕ್ಕಾ. ಒಂದು ಹುಳಾನೂ ಬರತಿರಲಿಲ್ಲ.”

ನರ್ಸಿಂಗ್ ಓದಿದವಳ ಬಾಯಿಂದ ಬಂದ ಮಾತು ಇದು! ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅಂದಿನಿಂದ ಒಡೆದ ಥರ್ಮಾಮೀಟರುಗಳ ಪಾದರಸವನ್ನು ಖಾಲಿ ಇಂಜೆಕ್ಷನ್ ಶೀಶೆಯಲ್ಲಿ ತುಂಬಿ, ದೊಡ್ಡ ಉಪಕಾರ ಮಾಡಿದವಳಂತೆ ನಾನೇ ಆಕೆಯ ಕೈಗಿಟ್ಟೆ. ಆಕೆ ಅದನ್ನು ಬೂದಿಯಲ್ಲಿ ತಿಕ್ಕಿ ಜೋಳಕ್ಕೆ ಹಚ್ಚಿದಳು, ನುಶಿ ಹುಳ ಹೋಯಿತು. ಆಕೆ ಹಬ್ಬಕ್ಕೆ ನನಗೆ ಹೋಳಿಗೆ ತಂದಳು.

ಎರಡು ವರ್ಷದಲ್ಲಿ ಆಕೆಯ ಕೈ ನಡುಗತೊಡಗಿತು. ರೊಟ್ಟಿಯ ಅಂಚು ಹರಿದಿರುತ್ತಿತ್ತು. “ಏನ್ ಯಕ್ಕಾ, ರೊಟ್ಟಿ ಬಡಿಯೂದ ಮರತೇನು?” ಎಂದು ನಾನು ಚೇಷ್ಟೆ ಮಾಡಿದೆ. ಒಂದು ಬೆಳಿಗ್ಗೆ ಡ್ರೆಸ್ಸಿಂಗ್ ಟ್ರೇ ಕೈಜಾರಿ ರೋಗಿಯ ಮೇಲೆಯೇ ಬಿತ್ತು. ಮರುದಿನವೇ ಆಕೆಯನ್ನು ಕೆಲಸದಿಂದ ಬಿಡಿಸಿದರು.

ಕೆಲವು ತಿಂಗಳಾದ ಮೇಲೆ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಎಲ್ಲರನ್ನೂ ಕೂರಿಸಿದರು. ನಗರದ ಕೆಲವು ಆಸ್ಪತ್ರೆಗಳು ತಾವಾಗಿಯೇ ಪಾದರಸದ ಬಳಕೆ ಬಿಡಲು ಒಪ್ಪಿವೆ, ನಾವೂ ಸೇರಿದ್ದೇವೆ ಎಂದರು. ಕಸಕ್ಕೆ ಬೇರೆ ಬೇರೆ ಬಣ್ಣದ ಡಬ್ಬಿಗಳು ಬಂದವು, ಥರ್ಮಾಮೀಟರು ಬ್ಯಾಟರಿಯದಾಯಿತು. ಪಾಠ ಹೇಳಲು ಬಂದಿದ್ದ ಡಾಕ್ಟರು, ಪಾದರಸ ಕಣ್ಣಿಗೆ ಕಾಣದಂತೆ ಗಾಳಿಗೆ ಸೇರುತ್ತದೆ, ದಿನವೂ ಅದರ ನಡುವೆ ಇದ್ದವರ ಕೈ ನಡುಗಬಹುದು ಎಂದರು. ಆಯಾಳ ರೊಟ್ಟಿಯ ಹರಿದ ಅಂಚು ನನಗೆ ನೆನಪಾಯಿತು.

“ಯಾರ ಮನೆಯಲ್ಲಾದರೂ ಇದ್ದರೆ ತಂದುಕೊಡಿ, ಯಾರೂ ಬೈಯುವುದಿಲ್ಲ,” ಎಂದರು ಮೇಟ್ರನ್.

ಭಾನುವಾರ ಆಕೆ ಇದ್ದ ಬೋರಬಂಡದ ಕೂಲಿಗಳ ಬಸ್ತಿಗೆ ಹೋದೆ. ಒಂದೇ ಕೋಣೆ. ಒಲೆ, ಹಾಸಿಗೆ, ಜೋಳದ ಡಬ್ಬಿ ಎಲ್ಲವೂ ಅಲ್ಲೇ. ಕಿಟಕಿ ಇರಲಿಲ್ಲ. ಗಂಡ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಎಲ್ಲವನ್ನೂ ಹೇಳಿಬಿಟ್ಟೆ. ಪಾದರಸದಿಂದಲೇ ಕೈ ಹೀಗಾಯಿತೆಂದು ಖಚಿತವಾಗಿ ಗೊತ್ತಿಲ್ಲ, ಆದರೆ ಆ ಬುದ್ಧಿ ಹೇಳಿದವಳು ನಾನು ಎಂದೆ. ಆಕೆ ಬೈದಿದ್ದರೆ ಚೆನ್ನಾಗಿತ್ತು.

ಆಕೆ ಡಬ್ಬಿಯೊಳಗೆ ಕೈ ಹಾಕಿ ಜೋಳದಲ್ಲಿ ಹೂತಿದ್ದ ಶೀಶೆ ತೆಗೆದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ನಾನು ಶೀಶೆಯನ್ನೂ ಆಕೆಯ ಕೈಯನ್ನೂ ಕೂಡಿಯೇ ಹಿಡಿಯಬೇಕಾಯಿತು.

“ಈ ಜೋಳದ ರೊಟ್ಟಿ ನೀವೂ ಭಾಳ ತಿಂದೀರಿ ಬಾಯಾರ,” ಎಂದಳು. “ನಿಮಗೇನೂ ಆಗಿಲ್ಲ ಹೌದಿಲ್ರಿ?”

ಸೋಮವಾರ ಶೀಶೆಯನ್ನು ಮೇಟ್ರನ್‌ಗೆ ಕೊಟ್ಟೆ. ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾರೂ ಒತ್ತಾಯಿಸದೆ ತಾನಾಗಿಯೇ ಸಹಕರಿಸಿದ ಸಿಸ್ಟರ್ ಎಂದು ಎಲ್ಲರೆದುರು ಹೊಗಳಿ ಚಪ್ಪಾಳೆ ಹೊಡೆಸಿದರು. ಕೈ ನಡುಗುತ್ತದೆಂದು ಆಕೆಯನ್ನು ಹೊರಹಾಕಿದ ಅದೇ ವಾರ್ಡಿನಲ್ಲಿ ನಿಂತು ನಾನು ಅದನ್ನು ಕೇಳಿಸಿಕೊಂಡೆ.