ಎಡಕ್ಕೆ ಮುಖ ಮಾಡಿದ ಬಸವನಹುಳು

ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಶಿಕಾರಿಪುರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೆ. ನಮ್ಮ ಕಡೆಯ ಕೆಲವು ಶಿಕ್ಷಕರು ಸೇರಿ ಹೊರಡಿಸುತ್ತಿದ್ದ ಕನ್ನಡ ವಿಜ್ಞಾನ ಮಾಸಪತ್ರಿಕೆಗೆ ಮುಖಪುಟದ ಚಿತ್ರ ಬರೆಯುವ ಕೆಲಸವೂ ನನ್ನದೇ ಆಗಿತ್ತು. ಪತ್ರಿಕೆಯ ಸಂಪಾದಕಿ ನನ್ನ ತಂಗಿ ಸುಮಂಗಲಾ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಳು. ಅವಳು ಈಗ ಇಲ್ಲ. ನಾನೂ ನಿವೃತ್ತನಾಗಿದ್ದೇನೆ. ನಾನು ಬರೆದ ಮುಖಪುಟಗಳಲ್ಲಿ ಹೆಚ್ಚಿನವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಂದರ ಬಗ್ಗೆ ಹೇಳಬೇಕು ಅನಿಸಿದೆ.

ವಿಜ್ಞಾನದ ಚಿತ್ರಕ್ಕೆ ಕೆಲವು ಕಟ್ಟುಪಾಡುಗಳಿವೆ. ಬೆಳಕು ಮೇಲಿನ ಎಡಮೂಲೆಯಿಂದ ಬೀಳುತ್ತಿದೆ ಎಂದುಕೊಂಡು ಬರೆಯಬೇಕು. ಆಗ ನೆರಳು ಬಲಭಾಗದಲ್ಲಿ ಬರುತ್ತದೆ. ಆ ನೆರಳನ್ನು ಬಳಿಯುವಂತಿಲ್ಲ, ಪೆನ್ನಿನ ಚುಕ್ಕೆಗಳನ್ನು ಒತ್ತೊತ್ತಾಗಿ ಇಟ್ಟು ತರಬೇಕು. ಇದಕ್ಕೆ ಸ್ಟಿಪ್ಲಿಂಗ್ ಎನ್ನುತ್ತಾರೆ. ನಾನು ಇದನ್ನೆಲ್ಲ ಕಲಿತದ್ದು ತಂಗಿಯ ಕೈಯಲ್ಲಿ ಬೈಸಿಕೊಂಡೇ. ಮೊದಮೊದಲು ನನ್ನ ಪ್ರಾಣಿಗಳಿಗೆಲ್ಲ ಒಂದು ಮುಖಭಾವ ಇರುತ್ತಿತ್ತು.

“ಅಣ್ಣಾ, ಏಡಿ ಯಾಕೆ ನಗ್ತಾ ಐತಿ? ಅದೇನು ಫೋಟೋ ಸ್ಟುಡಿಯೋಕ್ಕೆ ಬಂದು ಕುಂತೇತಾ?” ಎಂದು ಒಮ್ಮೆ ಇಡೀ ಚಿತ್ರವನ್ನು ವಾಪಸು ಕೊಟ್ಟಿದ್ದಳು.

ಆ ವರ್ಷ ಮಳೆಗಾಲದ ಮೊದಲಲ್ಲಿ ಅವಳು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ ಗೆಳತಿಯ ಮನೆಗೆ ಹೋಗಿದ್ದಳು. ಅಲ್ಲಿ ಗದ್ದೆಯ ಬೇಲಿಯಲ್ಲಿ ಒಂದು ಬಸವನಹುಳು ಕಂಡಿತು. ಬಸವನಹುಳುವಿನ ಖಾಲಿ ಚಿಪ್ಪನ್ನು ಚೂಪು ತುದಿ ಮೇಲೆ, ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿದರೆ ಆ ಬಾಯಿ ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಇದರದು ಎಡಗಡೆ ಇತ್ತು. ಅದು ಹೊಸ ಜೀವಿಯೇನಲ್ಲ. ಘಟ್ಟದ ಸೀಮೆಯಲ್ಲಿ ಇಂಥವು ಇವೆ ಎಂಬುದು ವಿಜ್ಞಾನಿಗಳಿಗೆ ಗೊತ್ತು. ಆದರೆ ನಮ್ಮ ಕಡೆ ಯಾರೂ ಅದನ್ನು ಕೈಗೆತ್ತಿಕೊಂಡು ನೋಡಿರಲಿಲ್ಲ. ಸುಮಂಗಲಾ ಅದರ ಬಗ್ಗೆ ಲೇಖನ ಬರೆಯಲು ಕೂತಳು.

ಸಂಪಾದಕ ಮಂಡಳಿಯ ಸಭೆಯಲ್ಲಿ ಅವಳು ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಮಂಡಳಿಯ ಅಧ್ಯಕ್ಷರು ಸೊರಬದ ಶಿವಯೋಗಪ್ಪ. ನಿವೃತ್ತ ಮುಖ್ಯೋಪಾಧ್ಯಾಯರು, ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದವರು. ಅವರು ಕನ್ನಡಕ ಏರಿಸಿ ನೋಡಿ ನಕ್ಕರು.

“ಇದು ಹುಳದ ವಿಶೇಷ ಅಲ್ಲ ಮಾರಾಯ್ತಿ, ನಿನ್ನ ಫೋನಿಂದು. ಸೆಲ್ಫಿ ತೆಗೆದ್ರೆ ಅಂಗಡಿ ಬೋರ್ಡೆಲ್ಲ ಉಲ್ಟಾ ಬರೂದಿಲ್ವಾ, ಹಂಗೆ.”

ಅವಳು ಸೆಲ್ಫಿ ತೆಗೆದಿರಲಿಲ್ಲ. ಹಾಗೆಂದು ಹೇಳಿದಳು. ಅವರು ತಲೆಯಾಡಿಸಿದರು, ನಂಬಲಿಲ್ಲ. ಹೊರಗೆ ಬಂದ ಮೇಲೆ, “ಹುಳನೇ ತಂದು ತೋರಿಸಿದ್ರಾಯ್ತಲ್ಲ” ಎಂದೆ.

“ಅವರಿಗೆ ತೋರಿಸಿದ್ರೆ ಅವರೊಬ್ರು ನಂಬ್ತಾರೆ ಅಣ್ಣಾ. ಎಲ್ರೂ ಅವರವರ ಹಿತ್ಲಾಗೆ ಹುಡುಕ್ಬೇಕು. ನೀ ಮುಖಪುಟ ಸರಿಯಾಗಿ ಬರ್ಕೊಡು.”

ಹಿಂದೆ ಒಮ್ಮೆ ಗುಣವಾಗಿದ್ದ ಅವಳ ಕಾಯಿಲೆ ಆ ಹೊತ್ತಿಗೆ ಮರುಕಳಿಸಿತ್ತು. ಇನ್ನು ಹೆಚ್ಚು ದಿನ ಉಳಿದಿಲ್ಲ ಎಂದು ಶಿವಮೊಗ್ಗದ ವೈದ್ಯರು ನಮ್ಮಿಬ್ಬರಿಗೂ ಮುಚ್ಚಿಡದೆ ಹೇಳಿದ್ದರು. ಇದರ ನಂತರ ಇನ್ನೊಂದು ಲೇಖನ ಬರೆಯಲು ತನ್ನಿಂದ ಆಗಲಾರದು ಎಂದು ಅವಳು ನನಗೆ ಹೇಳಿದ್ದು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ, ಶಿಕಾರಿಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸುತ್ತಿದ್ದಾಗ. ಆಮೇಲೆ ಆ ಮಾತು ಎತ್ತಲಿಲ್ಲ.

ಮತ್ತೆ ಕುಪ್ಪಗಡ್ಡೆಗೆ ಹೋಗಿ ಜೀವಂತ ಹುಳು ಒಂದನ್ನೂ ಖಾಲಿ ಚಿಪ್ಪು ಒಂದನ್ನೂ ತಂದಳು. ಹುಳುವನ್ನು ಗಾಜಿನ ಭರಣಿಯಲ್ಲಿಟ್ಟು ಒಂದು ವಾರ ನೋಡಿ ನೋಡಿ ಬರೆದೆ. ಪುಟದ ತುಂಬ ಎಡಕ್ಕೆ ತೆವಳುತ್ತಿರುವ ಬಸವನಹುಳು, ಕೆಳಗೆ ಅದರ ಖಾಲಿ ಚಿಪ್ಪು, ತುದಿ ಮೇಲೆ, ಬಾಯಿ ಎಡಕ್ಕೆ. ಸುಮಂಗಲಾ ಚಿಪ್ಪನ್ನು ಚಿತ್ರದ ಪಕ್ಕದಲ್ಲಿಟ್ಟು ಸುರುಳಿಗಳನ್ನು ಒಂದೊಂದಾಗಿ ಹೋಲಿಸಿದಳು. ಬೈಯದೆ ಚಿತ್ರ ತೆಗೆದುಕೊಂಡಳು. ಅವಳು ಒಪ್ಪಿದಳೆಂದು ಗೊತ್ತಾಗುತ್ತಿದ್ದದ್ದು ಹಾಗೆಯೇ. ಹುಳುವನ್ನು ಅದೇ ಬೇಲಿಗೆ ವಾಪಸು ಬಿಡಿಸಿದಳು.

ಪತ್ರಿಕೆಯ ಪುಟ ಕಟ್ಟುತ್ತಿದ್ದವರು ನಮ್ಮೂರಿನ ಪ್ರೆಸ್ಸಿನ ಮುರುಗೇಶಪ್ಪ. ಅವರ ನಿಜವಾದ ಕಸುಬು ಲಗ್ನಪತ್ರಿಕೆ. ನಮ್ಮದನ್ನು ಅಭಿಮಾನಕ್ಕೆ ಮಾಡಿಕೊಡುತ್ತಿದ್ದರು. ಕಂಪ್ಯೂಟರಿನಲ್ಲಿ ತಾವೇ ಕೂತು ಮುಖಪುಟ ಸಿದ್ಧಮಾಡಿ ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಬಣ್ಣದ ಮುದ್ರಣ ಅಲ್ಲಿ ಆಗಿ ಕಟ್ಟುಗಳು ಬಸ್ಸಿನಲ್ಲಿ ಬರುತ್ತಿದ್ದವು. ಕಳಿಸುವ ಮೊದಲು ನಾನು ಒಮ್ಮೆ ನೋಡುವುದು ರೂಢಿ. ಆ ವಾರ ನಾನು ಆಸ್ಪತ್ರೆಯಲ್ಲಿ ತಂಗಿಯ ಜೊತೆಗಿದ್ದೆ.

ಊರಿಗೆ ಬಂದು ಪ್ರೆಸ್ಸಿಗೆ ಹೋದಾಗ ಕಟ್ಟು ಬಂದು ಬಿದ್ದಿತ್ತು. ಮೇಲಿನ ಹಾಳೆ ನೋಡಿದ ಕೂಡಲೇ ಏನೋ ತಪ್ಪಿದೆ ಅನಿಸಿತು. ನೆರಳು ಎಡಗಡೆ ಇತ್ತು. ಬೆಳಕು ಬಲದಿಂದ ಬೀಳುತ್ತಿತ್ತು. ಆಮೇಲೆ ಹುಳುವನ್ನು ನೋಡಿದೆ. ಅದು ಬಲಕ್ಕೆ ತೆವಳುತ್ತಿತ್ತು. ಕೆಳಗಿನ ಚಿಪ್ಪಿನ ಬಾಯಿ ಬಲಕ್ಕಿತ್ತು. ಯಾರ ಹಿತ್ತಲಲ್ಲಾದರೂ ಸಿಗುವ ಮಾಮೂಲಿ ಬಸವನಹುಳು.

“ಚಿತ್ರ ತಿರುಗಿಸಿದ್ರಾ ಮುರುಗೇಶಪ್ಪಾರೇ?”

“ಹೂಂ ಮೇಷ್ಟ್ರೇ, ಮಿರರ್ ಹೊಡ್ದೀನಿ. ನಿಮ್ಮ ಸಹಿ ಉಲ್ಟಾ ಆತು, ಅದನ್ನ ಬ್ಯಾರೆ ಕಿತ್ತು ಸರಿ ಮಾಡಿ ಕೂಡಿಸೀನಿ ನೋಡ್ರಿ. ಚಂದ ಕುಂತೇತಿ.”

ಸಹಿ ನಿಜಕ್ಕೂ ಚಂದವಾಗಿ ಕೂತಿತ್ತು.

ಲಗ್ನಪತ್ರಿಕೆಯ ಕೆಲಸದಲ್ಲಿ ಚಿತ್ರ ತಿರುಗಿಸುವುದು ದಿನಬೆಳಗಾದರೆ ಇದ್ದದ್ದೇ. ಒಂದು ಗಿಳಿ ಬರೆದು ತಿರುಗಿಸಿದರೆ ಜೋಡಿ ಗಿಳಿ. ಅವರ ಪ್ರೆಸ್ಸಿನಲ್ಲಿ ಅದಕ್ಕೊಂದು ಪದ್ಧತಿಯೂ ಇತ್ತು. ಮದುವೆ, ಗೃಹಪ್ರವೇಶದ ಕಾರ್ಡಿನ ನಂದಿ ಬಲಕ್ಕೆ, ಕಾರ್ಡು ತೆರೆಯುವ ಕಡೆಗೆ ಮುಖ ಮಾಡಿರುತ್ತಿತ್ತು. ಸತ್ತವರ ಶಿವಗಣಾರಾಧನೆಯ ಕಾರ್ಡಿಗೆ ಅದೇ ನಂದಿಯನ್ನು ಎಡಕ್ಕೆ ತಿರುಗಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೂ, ಹುಳುವಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿದೆ.

ಅವರು ಕೀಲಿಮಣೆ ಒರೆಸುತ್ತ ಹೇಳಿದರು. “ಮೇಡಮ್ಮೋರಿಗೆ ಹಿಂಗೆ ಆರಾಮಿಲ್ಲ. ಅವರ ಹೆಸರಿನ ಪತ್ರಿಕೆ ಮ್ಯಾಲೆ ಬಸವನಹುಳ ಎಡಕ್ಕೆ ಮುಖ ಮಾಡಿ ಹೊಂಟಿತ್ತು. ನನ್ನ ಕೈಯಾಗೆ ಅದನ್ನ ಹಂಗೇ ಕಳ್ಸಾಕ ಆಗ್ಲಿಲ್ರೀ.”

ನಾನು ಲೇಖನದ ವಿಷಯ ವಿವರಿಸಿದೆ. ಅವರು ಕೂತಲ್ಲೇ ತಲೆಯ ಮೇಲೆ ಕೈ ಹೊತ್ತರು.

ಮನೆಗೆ ಒಂದು ಹಾಳೆ ತಂದು ಸುಮಂಗಲಾಗೆ ಕೊಟ್ಟೆ. ಮಂಚದ ಮೇಲೆ ಒರಗಿ ನೋಡಿದಳು. ಯಾಕೆ ಹೀಗಾಯಿತೆಂದು ಹೇಳಿದಾಗ ಅವಳಿಗೆ ಕೋಪ ಬರಲಿಲ್ಲ. ದಾರಿಯಲ್ಲಿ ನಾನೊಂದು ಉಪಾಯ ಯೋಚಿಸಿಕೊಂಡು ಬಂದಿದ್ದೆ. ಒಳಪುಟಗಳು ಇನ್ನೂ ಅಚ್ಚಾಗಿರಲಿಲ್ಲ. ‘ಮುಖಪುಟವನ್ನು ಕನ್ನಡಿಗೆ ಹಿಡಿಯಿರಿ, ಅಲ್ಲಿ ಕಾಣುವುದೇ ನಿಜವಾದ ಹುಳು’ ಎಂದು ಮೊದಲ ಪುಟದಲ್ಲಿ ಹಾಕಿದರೆ ಮಕ್ಕಳಿಗೊಂದು ಆಟವೂ ಆಗುತ್ತದೆ ಎಂದೆ.

“ಆಟ ಚಲೋ ಐತಿ. ಆದ್ರೆ ಕನ್ನಡಿ ಅಂದ್ವಿ ಅಂದ್ರೆ ಶಿವಯೋಗಪ್ಪ ಸರ್ ಹೇಳಿದ್ದೇ ಖರೇ ಆತಲ್ಲ. ಕನ್ನಡಿಯಾಗೆ ಮಾತ್ರ ಇರೋ ಹುಳ ಅಂತಾರೆ.”

“ಮತ್ತೆ ಅಚ್ಚು ಹಾಕ್ಸಿದ್ರೆ ಸಂಚಿಕೆ ತಡ ಆಗತ್ತೆ ಸುಮಿ.” ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು.

“ಆಗ್ಲಿ. ನಾ ನೋಡ್ಲಿ ಅಂತ ಹುಡುಗರಿಗೆ ತಪ್ಪು ಹುಳ ಕೊಡ್ಬ್ಯಾಡ.”

ಮುರುಗೇಶಪ್ಪ ಮರುಮಾತಾಡದೆ ಒಪ್ಪಿದರು. ಹೊಸ ಮುಖಪುಟದ ಮೊದಲ ಹಾಳೆಯನ್ನು ಶಿವಮೊಗ್ಗದಿಂದ ತಾವೇ ತಂದರು. ಮನೆಯೊಳಗೆ ಬಂದು ಅದನ್ನು ಅವಳ ಕೈಗೆ ಕೊಡದೆ ಮಂಚದ ಅಂಚಿನಲ್ಲಿಟ್ಟರು.

“ನೀವು ಹೇಳ್ದಂಗೇ ಮಾಡ್ಸೀನ್ರೀ ಮೇಡಮ್ಮೋರೇ. ಎಡಕ್ಕೇ ಹೊಂಟೇತಿ.”

ಸುಮಂಗಲಾ ಹಾಳೆಯನ್ನು ಎತ್ತಿ ನೋಡಿದಳು. “ಹೋಗ್ಲಿ ಬಿಡ್ರಿ ಮುರುಗೇಶಪ್ಪಾರೇ. ಬಸವನಹುಳ ನಡ್ದು ನಡ್ದು ಎಷ್ಟು ದೂರ ಹೋದೀತು?”

ಅವರು ನಕ್ಕರು, ಆಮೇಲೆ ನೀರು ಕೇಳಿ ಹೊರಗಿನ ಕಟ್ಟೆಗೆ ಹೋಗಿ ಕೂತರು.

ಸಂಚಿಕೆ ಬೈಂಡಿಂಗ್ ಹೊಲಿಗೆಗೆ ಹೋಗುವ ಮೊದಲು ಅವಳು ತೀರಿಕೊಂಡಳು. ಪತ್ರಿಕೆ ಶಾಲೆಗಳಿಗೆ ತಲುಪುವಷ್ಟರಲ್ಲಿ ಕಾರ್ಯಗಳೆಲ್ಲ ಮುಗಿದಿದ್ದವು. ಸಂಪಾದಕಿಯ ಹೆಸರನ್ನು ಬದಲಿಸಲಿಲ್ಲ.

ಮಳೆ ಇನ್ನೂ ಬಿಟ್ಟಿರಲಿಲ್ಲ, ಒಂದು ಭಾನುವಾರ ಶಿವಯೋಗಪ್ಪ ಸೊರಬದಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಟಿಫಿನ್ ಡಬ್ಬಿ ಇತ್ತು. ಕೂರುವ ಮೊದಲೇ ಅದನ್ನು ತೆರೆದರು. ಹಸಿ ಎಲೆಯ ಮೇಲೆ ಒಂದು ಖಾಲಿ ಚಿಪ್ಪು.

“ದಿನಾ ಹುಡುಕಿದೆ ಮಾರಾಯ. ಎಲ್ಲ ಬಲದ್ದೇ ಸಿಕ್ವು. ಬಿಟ್ಟುಬಿಡೋಣ ಅಂತಿದ್ದೆ. ನಿನ್ನೆ ಬಾವಿಕಟ್ಟೆ ಹತ್ರ ಇದು ಸಿಕ್ತು. ಬಾಯಿ ನೋಡು.”

ನೋಡಿದೆ. ಎಡಕ್ಕಿತ್ತು. ಪತ್ರಿಕೆ ತರಿಸಿ ಮುಖಪುಟದ ಪಕ್ಕದಲ್ಲಿ ಚಿಪ್ಪನ್ನು ಇಟ್ಟರು. ನನ್ನ ತಂಗಿ ಮಾಡುತ್ತಿದ್ದಂತೆಯೇ ಸುರುಳಿಯ ಮೇಲೆ ಬೆರಳಿಟ್ಟು ಹೋಲಿಸಿದರು. ಅವಳಿಗೆ ಅದನ್ನು ಕಲಿಸಿದವರು ಅವರೇ ಇರಬೇಕೆಂದು ಆಗ ನನಗೆ ಹೊಳೆಯಿತು.

“ಸರಿಯಾಗಿ ಉಂಟು” ಎಂದರು. ಪತ್ರಿಕೆ ಮಡಿಸಿಟ್ಟು, “ಇದನ್ನ ಈಗ ಯಾರಿಗೆ ತೋರಿಸ್ಲಿ?” ಎಂದರು.

ನಾನು ಕಾಫಿ ತರಲು ಒಳಗೆ ಹೋದೆ.

ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ. ವಿಜ್ಞಾನದ ಚಿತ್ರವನ್ನು ಒಂದು ದಿನ ಯಾರೋ ನಿಜವಾದ ವಸ್ತುವಿನ ಪಕ್ಕದಲ್ಲಿಟ್ಟು ನೋಡುತ್ತಾರೆ. ಆಗ ಲೇಖನ ಬರೆದವರು, ಚಿತ್ರ ಬಿಡಿಸಿದವರು ಉತ್ತರ ಹೇಳಲು ಅಲ್ಲಿ ಇರಬೇಕೆಂದೇನಿಲ್ಲ. ಆದ್ದರಿಂದ ಯಾರ ಮೇಲಿನ ಪ್ರೀತಿಗೂ, ಯಾವ ಭಯಕ್ಕೂ ಅದರ ಒಂದು ಸುರುಳಿಯನ್ನೂ ತಿರುಗಿಸಬಾರದು. ಆ ದಿನ ಶಿವಯೋಗಪ್ಪನವರು ಹೊರಡುವಾಗ ಚಿಪ್ಪನ್ನು ಪತ್ರಿಕೆಯ ಪಕ್ಕದಲ್ಲೇ ಬಿಟ್ಟು ಡಬ್ಬಿಯನ್ನು ಮಾತ್ರ ತೆಗೆದುಕೊಂಡು ಹೋದರು.